10 ದಿನದ ವಿಪಸ್ಸನಾ ಶಿಬಿರ: ಕರ್ಮ ನಂಬುವವನ ಕಣ್ಣಿನಿಂದ ಒಂದು ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕರ್ಮವನ್ನು ನಂಬುವವನು. ‘ಮಾಡಿದ್ದುಣ್ಣೋ ಮಹಾರಾಯ’ ಅನ್ನುವುದು ನನಗೆ ಸುಮ್ನೆ ಬಾಯಿಗೆ ಬರುವ ಗಾದೆಯಲ್ಲ. ಸಿಟ್ಟಿನಲ್ಲಿ ಯಾರಿಗಾದರೂ ಉತ್ತರ ಕೊಡುವಾಗ, ದುಡ್ಡಿನ ಲೆಕ್ಕ ಚುಕ್ತಾ ಮಾಡುವಾಗ, ಯಾರೂ ನೋಡುತ್ತಿಲ್ಲ ಅಂತ ಗೊತ್ತಿರುವ ಜಾಗದಲ್ಲಿ ಒಂದು ಕೆಲಸವನ್ನು ಸರಿಯಾಗಿ ಮಾಡಬೇಕಾ, ತೇಲಿಸಿಬಿಡಬಹುದಾ ಅಂತ ಮನಸ್ಸು ತೂಗುವಾಗ, ಆ ನಂಬಿಕೆ ಒಳಗೆ ಇದ್ದೇ ಇರುತ್ತದೆ. ಅದನ್ನು ಇಟ್ಟುಕೊಂಡೇ ಎಸ್. ಎನ್. ಗೋಯೆಂಕಾ ಅವರ ಪರಂಪರೆಯ, ವಿಪಸ್ಸನಾ ಅನ್ನುವ ಬೌದ್ಧ ಧ್ಯಾನದ 10 ದಿನದ ಶಿಬಿರದಲ್ಲಿ ಕೂತು ಬಂದೆ. ಈ ಶಿಬಿರದ ಮೌನ, ಬೆಳಗಿನ ಜಾವದ ಗಂಟೆ, ಮೊಬೈಲ್ ಇಲ್ಲದ ಕಷ್ಟ ಇದೆಲ್ಲದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ಪ್ರಶ್ನೆ ಬೇರೆ ಇತ್ತು. ಕರ್ಮ ಕರ್ಮ ಅಂತ ದಿನಾ ಹೇಳುತ್ತೇವಲ್ಲ, ಆ ವಿಷಯದಲ್ಲಿ ಇಲ್ಲಿಂದ ಏನಾದರೂ ಕೈಗೆ ಸಿಗುತ್ತದಾ? ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ, ಅದನ್ನೂ ಬಿಡದೆ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹಿನ್ನೆಲೆ. ಗೋಯೆಂಕಾ 1924ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಹುಟ್ಟಿದವರು. ಭಾರತ ಮೂಲದ ವ್ಯಾಪಾರಿ ಕುಟುಂಬ. ಮಾರ್ಫಿನ್ ಚುಚ್ಚಿಸಿಕೊಳ್ಳುವ ಮಟ್ಟದ ಮೈಗ್ರೇನ್ ಇತ್ತು. 1955ರಲ್ಲಿ ಊ ಬ ಖಿನ್ ಎಂಬ ಗುರುಗಳ ಹತ್ತಿರ ಹೋದರು. ಬರೀ ತಲೆನೋವು ಹೋಗಲಿ ಅಂತ ಬರುವುದಾದರೆ ಬರಬೇಡಿ ಅಂತ ಆ ಗುರುಗಳು ಮೊದಲು ಹೇಳಿಬಿಟ್ಟರಂತೆ, ಇದನ್ನು ಗೋಯೆಂಕಾ ತಾವೇ ಹೇಳಿಕೊಳ್ಳುತ್ತಿದ್ದರು. ಊ ಬ ಖಿನ್ ಸನ್ಯಾಸಿಯಲ್ಲ. ಸ್ವತಂತ್ರ ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದ ಗೃಹಸ್ಥರು. ದೇಶದ ಲೆಕ್ಕಪತ್ರ ನೋಡುತ್ತಿದ್ದವರು ಕರ್ಮದ ಪಾಠವನ್ನೂ ಹೇಳುತ್ತಿದ್ದರು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು, 1976ರಲ್ಲಿ ಮಹಾರಾಷ್ಟ್ರದ ಇಗತ್‌ಪುರಿಯ ಧಮ್ಮಗಿರಿ ಕೇಂದ್ರ ಶುರುವಾಯಿತು, 2013ರಲ್ಲಿ ತೀರಿಕೊಂಡರು. ಇವತ್ತಿಗೂ ಎಲ್ಲ ಕೇಂದ್ರಗಳಲ್ಲೂ ಪಾಠ ಕೇಳಿಸುವುದು ಅವರ ಧ್ವನಿಯಲ್ಲೇ. ಎದುರಿಗೆ ಕೂರುವ ಸಹಾಯಕ ಆಚಾರ್ಯರು ನಿಮ್ಮ ಸಂಶಯಕ್ಕೆ ಉತ್ತರ ಕೊಡುತ್ತಾರೆ, ಅಷ್ಟೇ. ಹಾಗಾಗಿ ನೀವು ಯಾವ ಕೇಂದ್ರಕ್ಕೆ ಹೋದರೂ ಶಿಬಿರ ಒಂದೇ.

ಇನ್ನು ದುಡ್ಡಿನ ವಿಷಯ. ಕರ್ಮದ ಬಗ್ಗೆ ಯೋಚಿಸುವವರು ಈ ಶಿಬಿರದಲ್ಲಿ ಮೊದಲು ಗಮನಿಸಬೇಕಾದದ್ದು ಇದನ್ನೇ. ಶುಲ್ಕ ಇಲ್ಲ. ಊಟಕ್ಕೆ, ವಸತಿಗೆ, ಪಾಠಕ್ಕೆ ಯಾವುದಕ್ಕೂ ಇಲ್ಲ. ಫ್ರೀ ಅಂದರೆ ಕೊನೆಗೆ ಹೇಗೋ ಕೇಳುತ್ತಾರೆ ಬಿಡಿ ಅಂತ ಅನಿಸುವುದು ಸಹಜ. ಆದರೆ ಇಲ್ಲಿಯ ನಿಯಮ ಇನ್ನೂ ಬಿಗಿ: ಕನಿಷ್ಠ ಒಂದು 10 ದಿನದ ಶಿಬಿರ ಪೂರ್ತಿ ಮಾಡದವರು ಕೊಡುತ್ತೇನೆ ಅಂದರೂ ತೆಗೆದುಕೊಳ್ಳುವುದಿಲ್ಲ. ಅಂದರೆ ನಿಮ್ಮ ತಟ್ಟೆಗೆ ಬಿದ್ದ ಅನ್ನದ ದುಡ್ಡು ನಿಮಗಿಂತ ಮೊದಲು ಅಲ್ಲಿ ಕೂತು ಹೋದ ಯಾರೋ ಕೊಟ್ಟದ್ದು. ನೀವು ಮುಗಿಸಿ ಕೊಟ್ಟರೆ ಅದು ಮುಂದೆ ಬರುವ ಯಾರದೋ ತಟ್ಟೆಗೆ. ನಿಮ್ಮ ಊಟದ ಋಣವನ್ನು ನೀವೇ ತೀರಿಸಿ ಕೈ ತೊಳೆದುಕೊಳ್ಳುವ ದಾರಿಯನ್ನೇ ಮುಚ್ಚಿಬಿಟ್ಟಿದ್ದಾರೆ. ಕಲಿಸುವವರಿಗೂ ಸಂಬಳ ಇಲ್ಲ, ಅಡುಗೆ ಬಡಿಸುವವರಿಗೂ ಇಲ್ಲ.

ಇದು ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ನಾವು ಕರ್ಮ ಅಂದಾಗ ಯಾವಾಗಲೂ ಒಬ್ಬೊಬ್ಬರ ಖಾತೆ ಅಂದುಕೊಂಡೇ ಮಾತಾಡುತ್ತೇವೆ, ಅಲ್ವಾ? ಅವನು ಮಾಡಿದ, ಅವನು ಉಂಡ. ನಾನು ಮಾಡಿದೆ, ನನಗೆ ಬಂತು. ಇಲ್ಲಿ ಕೊಟ್ಟವನಿಗೆ ಉಂಡವನ ಮುಖ ಗೊತ್ತಿಲ್ಲ, ಉಂಡವನಿಗೆ ಕೊಟ್ಟವನ ಹೆಸರು ಗೊತ್ತಿಲ್ಲ, ಆದರೂ ಒಬ್ಬರ ಒಳ್ಳೆಯ ಕೆಲಸ ಇನ್ನೊಬ್ಬರ ಹೊಟ್ಟೆ ತುಂಬಿಸುತ್ತಿದೆ. ನಮ್ಮ ಸಾಲಿಗೆ ಬಡಿಸುತ್ತಿದ್ದವರೊಬ್ಬರು, ಮಧ್ಯವಯಸ್ಸಿನವರು, ಎಲ್ಲರೂ ಎದ್ದು ಹೋದ ಮೇಲೆ ಒದ್ದೆ ಬಟ್ಟೆ ಹಿಡಿದು ಮೇಜು ಒರೆಸುತ್ತಿದ್ದರು. ಒರೆಸಿದ ಮೇಲೆ ಬಗ್ಗಿ, ಬೆಳಕಿಗೆ ಅಡ್ಡಲಾಗಿ ಮೇಜಿನ ಮೇಲ್ಮೈ ನೋಡುತ್ತಿದ್ದರು, ಜಿಡ್ಡು ಉಳಿದಿದ್ದರೆ ಇನ್ನೊಂದು ಸಲ. ಯಾರೂ ನೋಡುತ್ತಿರಲಿಲ್ಲ, ಮಾತಾಡುವ ಹಾಗೂ ಇರಲಿಲ್ಲ. ಕೊನೆಗೆ ಮೌನ ಬಿಟ್ಟ ದಿನ ಹೋಗಿ ಮಾತಾಡಿಸಿದೆ. ಆಫೀಸಿಗೆ ರಜೆ ಹಾಕಿ ಸೇವೆಗೆ ಬಂದಿದ್ದಾರೆ. ಯಾಕೆ ಸರ್ ಅಂದರೆ, ‘ನಾನು ಕೂತಾಗ ಯಾರೋ ಬಡಿಸಿದ್ರಲ್ಲ ಸರ್, ಅದಕ್ಕೆ’ ಅಂದರು. ಅಷ್ಟೇ ಉತ್ತರ. ಪುಣ್ಯ ಬರುತ್ತೆ ಅಂತಲೂ ಹೇಳಲಿಲ್ಲ.

ದಿನಚರಿ ಕಠಿಣ. ಬೆಳಿಗ್ಗೆ 4ಕ್ಕೆ ಗಂಟೆ, 4:30ಕ್ಕೆ ಧ್ಯಾನ ಶುರು, 11ಕ್ಕೆ ಮಧ್ಯಾಹ್ನದ ಊಟ, ಸಂಜೆ 5ಕ್ಕೆ ಹೊಸಬರಿಗೆ ಚಹಾ, ಹಣ್ಣು, ಆಮೇಲೆ ಊಟ ಇಲ್ಲ, ರಾತ್ರಿ 7ಕ್ಕೆ ಪ್ರವಚನ, 9:30ಕ್ಕೆ ದೀಪ ಆರಿಸುತ್ತಾರೆ. ಒಟ್ಟು ಕೂರುವುದು ದಿನಕ್ಕೆ ಸುಮಾರು 10 ಗಂಟೆ. ಫೋನು, ಪುಸ್ತಕ, ಪೆನ್ನು ಏನೂ ಜೊತೆಗಿಲ್ಲ. ಜಪಮಾಲೆ, ತಾಯತ ಕೂಡ ತರಬೇಡಿ ಅನ್ನುತ್ತಾರೆ. ಪೂಜೆ, ಉಪವಾಸ, ಮಂತ್ರ ಎಲ್ಲವನ್ನೂ ಅಷ್ಟು ದಿನ ನಿಲ್ಲಿಸಬೇಕು. ಕರ್ಮ ಕಳೆಯುವುದಕ್ಕೆ ಅಂತ ನಾವು ಹಿಡಿದುಕೊಂಡಿರುವ ಎಲ್ಲ ಊರುಗೋಲುಗಳನ್ನೂ ಬಾಗಿಲಲ್ಲೇ ಇಡಿಸಿ, ಸುಳ್ಳು ಹೇಳುವುದಿಲ್ಲ, ಕದಿಯುವುದಿಲ್ಲ, ಕೊಲ್ಲುವುದಿಲ್ಲ ಅನ್ನುವಂಥ ಪಂಚಶೀಲ ಮಾತ್ರ ಕೈಗೆ ಕೊಡುತ್ತಾರೆ. ನನಗೆ ಇದು ಸರಿ ಅನಿಸಿತು. ಕರ್ಮ ಅಂದರೆ ನಡತೆ ತಾನೇ, ಮೊದಲು ನಡತೆಯಿಂದಲೇ ಶುರುವಾಗಲಿ. ಮಾತೇ ಆಡದಿದ್ದರೆ ಸುಳ್ಳು ಹೇಳುವ ಅವಕಾಶವೂ ತಾನಾಗಿ ತಪ್ಪುತ್ತದೆ. ಮೌನದ ನಿಜವಾದ ಉಪಯೋಗ ಅದು ಅಂತ ನನ್ನ ಅಭಿಪ್ರಾಯ.

ಮೊದಲ ಮೂರು ದಿನ ಉಸಿರು ಗಮನಿಸುವುದು ಬಿಟ್ಟರೆ ಬೇರೇನೂ ಇಲ್ಲ. ಮೂಗಿನ ಹೊಳ್ಳೆ, ಮೇಲ್ದುಟಿಯ ಮೇಲಿನ ಪುಟ್ಟ ಜಾಗ, ಅಲ್ಲಿ ಏನು ತಿಳಿಯುತ್ತದೋ ಅದು. ನಾಲ್ಕನೇ ದಿನ ವಿಪಸ್ಸನಾ ಶುರು. ತಲೆಯಿಂದ ಕಾಲಿನವರೆಗೆ ಮನಸ್ಸನ್ನು ಸಾಗಿಸುತ್ತಾ ಮೈಮೇಲೆ ಏಳುವ ಪ್ರತಿಯೊಂದು ಸಂವೇದನೆಯನ್ನೂ ನೋಡುವುದು. ತುರಿಕೆ, ಬಿಸಿ, ಜುಮ್ಮೆನ್ನುವುದು, ನೋವು, ಯಾವುದೇ ಇರಲಿ. ಹಿತವಾದದ್ದು ಬೇಕು ಅನ್ನಬಾರದು, ಅಹಿತವಾದದ್ದು ಬೇಡ ಅನ್ನಬಾರದು. ‘ಅನಿಚ್ಚ, ಅನಿಚ್ಚ’ ಅಂತ ಗೋಯೆಂಕಾ ಧ್ವನಿ ಮತ್ತೆ ಮತ್ತೆ ನೆನಪಿಸುತ್ತದೆ, ಇದು ಉಳಿಯುವುದಿಲ್ಲ, ಹೋಗುತ್ತದೆ ಅಂತ. ಅಲ್ಲಿಂದ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕಣ್ಣು, ಕೈ, ಕಾಲು ಯಾವುದನ್ನೂ ಬಿಚ್ಚದೆ ಕೂರಬೇಕು. ಅದಕ್ಕೆ ಅಧಿಟ್ಠಾನ ಅನ್ನುತ್ತಾರೆ.

ಅಂಥದ್ದೊಂದು ಗಂಟೆಯಲ್ಲಿ ನನಗೆ ಆದದ್ದು ಹೇಳಬೇಕು, ಯಾಕೆಂದರೆ ಕರ್ಮ ಹುಟ್ಟುವ ಜಾಗ ನನಗೆ ಕಂಡದ್ದು ಅಲ್ಲೇ. ಬಲ ಮಂಡಿ ಉರಿಯುತ್ತಿತ್ತು. ಎಲ್ಲಿಂದಲೋ ಅಕ್ಕ ಆಡಿದ ಹಳೆಯ ಮಾತೊಂದು ನೆನಪಿಗೆ ಬಂತು. ಮಾತು ನೆನಪಾದದ್ದೇ ತಡ, ಎದೆಯ ನಡುವೆ ಬಿಸಿ ಏರಿತು, ಹಲ್ಲು ಕಚ್ಚಿಕೊಂಡವು, ಕಿವಿ ಬೆಚ್ಚಗಾಯಿತು. ಇದೆಲ್ಲ ಆದ ಮೇಲೆ, ಗಮನಿಸಿ, ಆದ ಮೇಲೆ, ತಲೆಯಲ್ಲಿ ಉತ್ತರಗಳು ಹುಟ್ಟಿದವು. ನೀನೇನು ಕಮ್ಮಿಯಾ, ಆವತ್ತು ನೀನು ಮಾಡಿದ್ದೇನು, ಹೀಗೆ. ಅಕ್ಕ ಎಲ್ಲೋ ದೂರದಲ್ಲಿ ತನ್ನ ಪಾಡಿಗೆ ಇದ್ದಾಳೆ, ಇಲ್ಲಿ ನಾನು ಕಣ್ಣು ಮುಚ್ಚಿ ಜಗಳ ಪೂರ್ತಿ ಆಡುತ್ತಿದ್ದೇನೆ. ಬಿಸಿಗೂ ಉತ್ತರಕ್ಕೂ ನಡುವೆ ಒಂದು ಸಣ್ಣ ಸಂದು ಇತ್ತು. ಅಷ್ಟು ವರ್ಷದಲ್ಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ. ಸುಮ್ಮನೆ ಆ ಬಿಸಿಯನ್ನೇ ನೋಡುತ್ತಾ ಕೂತರೆ ಅದು ಅಗಲವಾಯಿತು, ತೆಳ್ಳಗಾಯಿತು, ಹೋಯಿತು. ಉತ್ತರಗಳೂ ಅದರ ಜೊತೆಗೇ ಹೋದವು.

ಬುದ್ಧ ಕರ್ಮ ಅಂದಾಗ ಮುಖ್ಯವಾಗಿ ಹೇಳಿದ್ದು ಚೇತನ ಅಂದರೆ ಮನಸ್ಸಿನ ಸಂಕಲ್ಪದ ಬಗ್ಗೆ. ಮಾತು, ಕೈ, ಕಾಲು ಎಲ್ಲ ಆಮೇಲೆ. ಪ್ರವಚನದಲ್ಲಿ ಇದನ್ನೇ ಸಂಖಾರ ಅನ್ನುವ ಹೆಸರಿನಲ್ಲಿ ವಿವರಿಸುತ್ತಾರೆ, ಮನಸ್ಸು ಪ್ರತಿ ಸಲ ಬೇಕು ಅಥವಾ ಬೇಡ ಅಂತ ಎಳೆದಾಗ ಒಂದು ಗೆರೆ ಬೀಳುತ್ತದೆ ಅಂತ. ಕೆಲವು ನೀರಿನ ಮೇಲೆ ಎಳೆದ ಗೆರೆ, ಎಳೆಯುತ್ತಿದ್ದಂತೆ ಅಳಿಸಿಹೋಗುತ್ತದೆ. ಕೆಲವು ಮರಳಿನ ಮೇಲಿನ ಗೆರೆ, ಗಾಳಿ ಬಂದರೆ ಹೋಗುತ್ತದೆ. ಕೆಲವು ಕಲ್ಲಿನಲ್ಲಿ ಉಳಿಯಲ್ಲಿ ಕೊರೆದದ್ದು. ಪಾಳಿ ಭಾಷೆಯ ಹಳೆಯ ಬೌದ್ಧ ಉಪದೇಶದ ಮಾತು ಇದು. ರಾತ್ರಿ ಮಲಗುವಾಗ ಇವತ್ತಿನ ದಿನದಲ್ಲಿ ಏನು ನೆನಪಿದೆ ನೋಡಿ, ಒಂದೋ ಎರಡೋ. ತಿಂಗಳ ಕೊನೆಗೆ ನೋಡಿ, ಮತ್ತೆ ಒಂದೋ ಎರಡೋ. ಆ ಉಳಿದದ್ದು ಆಳದ ಗೆರೆ ಅನ್ನುತ್ತಾರೆ ಗೋಯೆಂಕಾ. ನಾನು ಆ ರಾತ್ರಿಯೇ ಲೆಕ್ಕ ಹಾಕಿದೆ. ನೆನಪಿಗೆ ಬಂದವು ಬಹುಪಾಲು ಬೇರೆಯವರು ನನಗೆ ಮಾಡಿದ್ದು. ಅವರು ಮಾಡಿದ್ದು ಅವರ ಕರ್ಮ ಸರಿ, ಅದನ್ನು ವರ್ಷಗಟ್ಟಲೆ ದಿನಾ ಹೊಸದಾಗಿ ಕೊರೆಯುತ್ತಾ ಕೂತದ್ದು ನನ್ನದು.

ಈಗ ತಕರಾರಿಗೆ ಬರುತ್ತೇನೆ. ಬೇಕು ಬೇಡ ಅನ್ನದೆ ಸಮತೆಯಿಂದ ಕೂತರೆ ಹಳೆಯ ಸಂಖಾರಗಳು ಮೇಲೆದ್ದು ಸಂವೇದನೆಯಾಗಿ ಬಂದು ಕರಗಿ ಹೋಗುತ್ತವೆ ಅಂತ ಪ್ರವಚನದಲ್ಲಿ ಹೇಳುತ್ತಾರೆ. ಇದನ್ನು ಕೇಳಿದವರು ಮೈಯಲ್ಲಿ ಏನೇ ನೋವು ಬಂದರೂ ‘ಹಳೇ ಕರ್ಮ ಹೊರಗೆ ಬರ್ತಿದೆ’ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಮೌನ ಬಿಟ್ಟ ದಿನ ಊಟದ ಸಾಲಿನಲ್ಲಿ ಇಂಥ ಮಾತುಗಳು ಸಾಕಷ್ಟು ಕೇಳಿಸಿದವು. ಹತ್ತು ಗಂಟೆ ಕಾಲು ಮಡಚಿ ಕೂತರೆ ಮಂಡಿ ನೋಯುವುದು ಮಂಡಿಯ ಸ್ವಭಾವ. ಅದಕ್ಕೆ ಪೂರ್ವಜನ್ಮ ಬೇಕಿಲ್ಲ. ಮತ್ತೆ ಇದು ನನ್ನ ಸ್ವಂತ ವಾದವೂ ಅಲ್ಲ. ಸಿವಕ ಎಂಬ ಪರಿವ್ರಾಜಕ, ಅಂದರೆ ಊರೂರು ಅಲೆಯುವ ಸನ್ಯಾಸಿ, ಬುದ್ಧನ ಹತ್ತಿರ ಬಂದು, ಮನುಷ್ಯ ಅನುಭವಿಸುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರಿಂದಲೇ ಬರುತ್ತದೆ ಅಂತ ಕೆಲವರು ಹೇಳುತ್ತಾರಲ್ಲ, ಇದಕ್ಕೆ ಏನು ಹೇಳುತ್ತೀರಿ ಅಂತ ಕೇಳುತ್ತಾನೆ. ಬುದ್ಧ ಒಪ್ಪುವುದಿಲ್ಲ. ಪಿತ್ತದಿಂದ ಬರುವ ನೋವಿದೆ, ಕಫದಿಂದ, ವಾತದಿಂದ, ಇವು ಮೂರೂ ಸೇರಿ ಬರುವುದಿದೆ, ಋತು ಬದಲಾಗಿ ಬರುವುದಿದೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದೆ ಬರುವುದಿದೆ, ಯಾರಾದರೂ ಹೊಡೆದು ಬರುವುದಿದೆ, ಕರ್ಮದ ಫಲವಾಗಿ ಬರುವುದೂ ಇದೆ ಅನ್ನುತ್ತಾನೆ. ಎಂಟರಲ್ಲಿ ಕರ್ಮ ಒಂದು. ಎಲ್ಲವೂ ಹಿಂದಿನದೇ ಅನ್ನುವವರು ಕಣ್ಣಿಗೆ ಕಾಣುವ ಸತ್ಯವನ್ನೂ ದಾಟಿ ಹೋಗುತ್ತಿದ್ದಾರೆ ಅನ್ನುತ್ತಾನೆ.

ಕರ್ಮ ನಂಬುವ ಪ್ರತಿಯೊಬ್ಬರೂ ಈ ಉತ್ತರವನ್ನು ಓದಬೇಕು ಅಂತ ನನ್ನ ಆಸೆ. ಕಾಯಿಲೆ ಬಿದ್ದವರ ಹತ್ತಿರ ಹೋಗಿ ‘ಏನು ಕರ್ಮ ಮಾಡಿದ್ರೋ’ ಅನ್ನುವವರನ್ನು ನೋಡಿದ್ದೇನೆ. ಮಗು ಕಳೆದುಕೊಂಡವರಿಗೆ ಆ ಮಾತು ಹೇಳಿದ್ದನ್ನೂ ಕೇಳಿದ್ದೇನೆ. ಅದು ನಂಬಿಕೆಯಲ್ಲ, ಬಿದ್ದವರ ಮೇಲೆ ಕಲ್ಲು ಹೊರಿಸುವುದು, ಮತ್ತು ಹಾಗೆ ಹೊರಿಸುವುದೇ ಹೇಳಿದವರ ಹೊಸ ಕರ್ಮ. ನೊಂದವರ ಪಕ್ಕದಲ್ಲಿ ಕೂತಾಗ ನನ್ನ ಕರ್ಮ ಏನು ಅಂತ ಯೋಚಿಸಬೇಕೇ ಹೊರತು ಅವರದ್ದನ್ನು ಎಣಿಸುವುದು ನಮ್ಮ ಕೆಲಸ ಅಲ್ಲವೇ ಅಲ್ಲ. ಶಿಬಿರದ ಪ್ರವಚನಗಳಲ್ಲಿ ಈ ಎಂಟು ಕಾರಣಗಳ ಮಾತನ್ನು ಬಿಡಿಸಿ, ಒತ್ತಿ ಹೇಳಿದ್ದರೆ ಎಷ್ಟೋ ಜನ ತಪ್ಪು ತಿಳಿಯುವುದು ತಪ್ಪುತ್ತಿತ್ತು.

ಇನ್ನೊಂದು ಕಡೆ, ಮಾಡಿದ ತಪ್ಪು ಧ್ಯಾನದಿಂದ ಅಳಿಸಿಹೋಗುತ್ತದೆ ಅಂತ ಯಾರಾದರೂ ಅಂದುಕೊಂಡರೆ ಅದನ್ನೂ ಈ ಪರಂಪರೆ ಒಪ್ಪುವುದಿಲ್ಲ. ಅಂಗುಲಿಮಾಲನ ಕತೆ ನಮಗೆಲ್ಲ ಗೊತ್ತು, ಆದರೆ ಅವನು ಬದಲಾದ ಮೇಲಿನ ಭಾಗವನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಭಿಕ್ಷುವಾಗಿ, ಅರಹಂತನೂ (ಪೂರ್ತಿ ಮುಕ್ತನೂ) ಆದ ಮೇಲೆ ಭಿಕ್ಷೆಗೆ ಹೋದರೆ ಊರಿನಲ್ಲಿ ಅವನ ಮೈಮೇಲೆ ಹೆಂಟೆ, ಕೋಲು, ಕಲ್ಲಿನ ಚೂರು ಬೀಳುತ್ತವೆ. ತಲೆ ಒಡೆದು, ರಕ್ತ ಸುರಿಸಿಕೊಂಡು, ಪಾತ್ರೆ ಚೂರಾಗಿ ಬುದ್ಧನ ಹತ್ತಿರ ಬರುತ್ತಾನೆ. ಬುದ್ಧ ಹೇಳುವುದು, ತಡೆದುಕೋ, ನೀನು ಮಾಡಿದ್ದರ ಫಲವನ್ನು ಇಲ್ಲೇ ಅನುಭವಿಸುತ್ತಿದ್ದೀಯ ಅಂತ. 1994ರಲ್ಲಿ ಕಿರಣ್ ಬೇಡಿ ತಿಹಾರ್ ಜೈಲಿನ ಅಧಿಕಾರಿಯಾಗಿದ್ದಾಗ ಅಲ್ಲಿ ಸುಮಾರು 1,000 ಕೈದಿಗಳಿಗೆ ಇದೇ ಶಿಬಿರ ನಡೆಯಿತು, ಆಮೇಲೆ ಜೈಲಿನೊಳಗೇ ಕಾಯಂ ಕೇಂದ್ರವೂ ಆಯಿತು. ನಾನು ಅದರ ಬಗ್ಗೆ ಯೋಚಿಸುವುದು ಹೀಗೆ: ಕೂತು ಎದ್ದ ಮಾತ್ರಕ್ಕೆ ಮಾಡಿದ ಅಪರಾಧ ಆಗಲೇ ಇಲ್ಲ ಅಂತ ಆಗುವುದಿಲ್ಲ, ಗೋಡೆ ಅಲ್ಲೇ ಇರುತ್ತದೆ. ಆದರೆ ನಾಳೆ ಯಾರಾದರೂ ಕೆಣಕಿದಾಗ ಕೈ ಎತ್ತಬೇಕಾ ಬೇಡವಾ ಅನ್ನುವ ಆ ಸಂದು ಅವರಿಗೂ ಸಿಗುತ್ತದೆ. ಹಳೆಯದನ್ನು ಉಣ್ಣುತ್ತಲೇ ಹೊಸದನ್ನು ಬಿತ್ತದೆ ಇರಬಹುದು. ಕರ್ಮ ನಂಬುವುದರಲ್ಲಿ ಇಷ್ಟು ಧೈರ್ಯದ ಜಾಗ ಇದೆ ಅನ್ನುವುದು ನನಗೆ ದೊಡ್ಡ ಸಮಾಧಾನ.

ವಾಪಸ್ ಬಂದ ಮೇಲೆ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ಸಿಟ್ಟು ಹೋಗಿಲ್ಲ. ಬರುವುದು ಬೇಗ ಗೊತ್ತಾಗುತ್ತದೆ, ಅಷ್ಟೇ, ಮತ್ತು ಆ ಅಷ್ಟೇ ನನಗೆ ಬಹಳ ದೊಡ್ಡದು. ಆಫೀಸಿನಲ್ಲಿ ಒಬ್ಬರು ನನ್ನ ಕೆಲಸವನ್ನು ತಮ್ಮದು ಅಂತ ಮೀಟಿಂಗಿನಲ್ಲಿ ಹೇಳಿದರು. ಎದೆಯ ಅದೇ ಬಿಸಿ, ಅದೇ ಜಾಗ. ನೋಡಿದೆ, ಇಳಿಯಲು ಬಿಟ್ಟೆ, ಆಮೇಲೆ ಬಾಯಿ ತೆಗೆದು ಆ ಕೆಲಸ ನಾನು ಮಾಡಿದ್ದು ಅಂತ ಎಲ್ಲರೆದುರು ಸ್ಪಷ್ಟವಾಗಿ ಹೇಳಿದೆ. ಇದನ್ನು ಬರೆಯಲೇಬೇಕು, ಯಾಕೆಂದರೆ ಕರ್ಮ ನೋಡಿಕೊಳ್ಳುತ್ತೆ ಬಿಡು ಅಂತ ಬಾಯಿ ಮುಚ್ಚಿ ಕೂರುವುದನ್ನೇ ಜಾಸ್ತಿ ಜನ ಕರ್ಮದ ನಂಬಿಕೆ ಅಂದುಕೊಂಡಿದ್ದಾರೆ. ಅನ್ಯಾಯ ನೋಡಿ ಸುಮ್ಮನಿರುವುದೂ ಒಂದು ಕರ್ಮವೇ, ಅದಕ್ಕೂ ಫಲ ಇದೆ. ಹೇಳಬೇಕಾದದ್ದನ್ನು ಹೇಳಬೇಕು, ಅವರನ್ನು ಸುಡುವ ಆಸೆ ಇಲ್ಲದೆ ಹೇಳಬೇಕು. ಎರಡನೆಯದು ಕಷ್ಟ, ಅಭ್ಯಾಸ ಬೇಕಾದದ್ದು ಅದಕ್ಕೇ. ಅಕ್ಕನಿಗೆ ಫೋನ್ ಮಾಡಿದೆ. ಹಳೆಯ ಮಾತು ಎತ್ತಲಿಲ್ಲ, ಅವಳ ಆರೋಗ್ಯ ಕೇಳಿದೆ. ಅವಳು ತುಂಬಾ ಹೊತ್ತು ಮಾತಾಡಿದಳು.

ಅಭ್ಯಾಸ ಬಿಟ್ಟರೆ ಎಲ್ಲ ಮಾಯವಾಗುತ್ತದೆ ಅನ್ನುವುದೂ ನಿಜ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅನ್ನುತ್ತಾರೆ. ಮನೆ, ಮಕ್ಕಳು, ಕೆಲಸ ಇರುವವರಿಗೆ ಎರಡು ಗಂಟೆ ಸುಲಭದ ಮಾತಲ್ಲ. ನಾನು ಬೆಳಗಿನದನ್ನು ಹಿಡಿದುಕೊಂಡಿದ್ದೇನೆ.

ಹೋಗುವವರಿಗೆ ಕೆಲವು ಮಾತು. ಅರ್ಜಿ ಆನ್‌ಲೈನಿನಲ್ಲಿ ಹಾಕಬೇಕು, ಸೀಟು ಬೇಗ ತುಂಬುತ್ತವೆ, ಮುಂಚೆಯೇ ನೋಡಿಕೊಳ್ಳಿ. ಹಿಂದಿನ ಸಂಜೆಯೇ ಅಲ್ಲಿರಬೇಕು, ಮುಗಿಯುವುದು 11ನೇ ದಿನ ಬೆಳಿಗ್ಗೆ, ಹಾಗಾಗಿ ರಜೆ 12 ದಿನದ್ದು ಹಾಕಿ. ನೆಲದಲ್ಲಿ ಕೂರಲು ಆಗದವರು ಮೊದಲೇ ತಿಳಿಸಿದರೆ ಕುರ್ಚಿ ಕೊಡುತ್ತಾರೆ, ಹಟ ಮಾಡಿ ನೆಲದಲ್ಲೇ ಕೂತು ಮಂಡಿ ಕೆಡಿಸಿಕೊಳ್ಳಬೇಡಿ. ಅರ್ಜಿಯಲ್ಲಿ ದೇಹದ, ಮನಸ್ಸಿನ ಆರೋಗ್ಯದ ಬಗ್ಗೆ ಕೇಳುತ್ತಾರೆ, ಒಂದಕ್ಷರವೂ ಮುಚ್ಚಿಡಬೇಡಿ. ತೀವ್ರವಾದ ಮಾನಸಿಕ ಕಾಯಿಲೆ ಇರುವವರಿಗೆ ಇದು ಬೇಡ ಅಂತ ಅವರೇ ಹೇಳುತ್ತಾರೆ. ನನ್ನ ಕಡೆಯಿಂದ ಇನ್ನೊಂದು ಸೇರಿಸುತ್ತೇನೆ, ಯಾರನ್ನಾದರೂ ಈಗಷ್ಟೇ ಕಳೆದುಕೊಂಡಿದ್ದರೆ, ಮನಸ್ಸು ತೀರಾ ಕುಸಿದಿದ್ದರೆ, ಸ್ವಲ್ಪ ಕಾಲ ಹೋಗಲಿ, ಮೊದಲು ಡಾಕ್ಟರ ಹತ್ತಿರ, ನಿಮ್ಮವರ ಹತ್ತಿರ ಮಾತಾಡಿ. ಅಷ್ಟು ಮೌನವನ್ನು ಒಬ್ಬರೇ ಹೊರುವುದು ಆಗ ಬಹಳ ಭಾರ. ನಡುವೆ ಬಿಟ್ಟು ಬರಬೇಡಿ ಅಂತ ಒತ್ತಿ ಹೇಳುತ್ತಾರೆ, ಅದಕ್ಕೆ ತಯಾರಿದ್ದರೆ ಮಾತ್ರ ಹೆಸರು ಕೊಡಿ.

ದುಡ್ಡು ತೆಗೆದುಕೊಂಡು ಏಳು ಜನ್ಮದ ಕರ್ಮ ಕಳೆಯುತ್ತೇವೆ ಅನ್ನುವವರು ಆನ್‌ಲೈನಿನಲ್ಲಿ ಬೇಕಾದಷ್ಟಿದ್ದಾರೆ, ಅವರ ಜೊತೆ ಇದನ್ನು ಹೋಲಿಸುವುದೇ ತಪ್ಪು. ಇಲ್ಲಿ ಯಾರೂ ನಿಮ್ಮದನ್ನು ಕಳೆಯುವುದಿಲ್ಲ, ನೀವೇ ಕೂರಬೇಕು. ನಾನು 5ಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಎಂಟು ಕಾರಣಗಳ ಮಾತನ್ನು ಒತ್ತಿ ಹೇಳದ್ದಕ್ಕೆ. ಮುಂದಿನ ಸಲ ರಜೆ ಸಿಕ್ಕಾಗ ಕೂರುವುದಕ್ಕಲ್ಲ, ಬಡಿಸುವುದಕ್ಕೆ ಹೆಸರು ಕೊಡಬೇಕು ಅಂತಿದ್ದೇನೆ. ಒಂದು ಶಿಬಿರ ಮುಗಿಸಿದವರು ಯಾರು ಬೇಕಾದರೂ ಸೇವೆಗೆ ಅರ್ಜಿ ಹಾಕಬಹುದು, ಪೂರ್ತಿ 10 ದಿನ ಆಗದವರು ಕೆಲವು ದಿನಕ್ಕೂ ಕೇಳಿ ನೋಡಬಹುದು.